ಸಾಧಕರನ್ನು ಏನು ಕೇಳಬೇಕು?

ಸಾಧಕರ ಜೀವನದಿಂದ ಪಾಠ ಕಲಿಯಬೇಕೆಂಬುದನ್ನು ಒಪ್ಪದವರಿಲ್ಲ. ಆದರೆ ಆ ಜೀವನದ ಯಾವ ಭಾಗದಿಂದ ಕಲಿಯತಕ್ಕದ್ದೆಂಬ ವಿಷಯದಲ್ಲಿ ನಾವು ಬಹುಮಟ್ಟಿಗೆ ದಾರಿ ತಪ್ಪಿದ್ದೇವೆಂದು ನನಗೆ ತೋರುತ್ತದೆ. ಬಾಲ್ಯದ ಬಡತನವನ್ನು ಕುರಿತು ನಾಲ್ಕು ವಾಕ್ಯಗಳನ್ನೂ ಸನ್ಮಾನದ ದಿನದ ಭಾವಚಿತ್ರವನ್ನೂ ಅಚ್ಚುಮಾಡಿ, ನಡುವಣ ದಶಕಗಳನ್ನೆಲ್ಲ ‘ಸತತ ಪರಿಶ್ರಮ’ವೆಂದು ಹೇಳಿ ಮುಗಿಸಿಬಿಡುತ್ತೇವೆ. ಕಲಿಯತಕ್ಕದ್ದು ಇರುವುದು ಆ ದಶಕಗಳಲ್ಲಿಯೇ.

ಫ. ಗು. ಹಳಕಟ್ಟಿಯವರನ್ನು ನೆನೆಯೋಣ. 1880ರಲ್ಲಿ ಧಾರವಾಡದಲ್ಲಿ ಜನಿಸಿ, ನ್ಯಾಯಶಾಸ್ತ್ರವನ್ನು ವ್ಯಾಸಂಗಮಾಡಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದ ಈ ಮಹನೀಯರಿಗೆ ನೆಮ್ಮದಿಯಿಂದ ಬಾಳುವುದಕ್ಕೆ ಆ ವೃತ್ತಿಯೊಂದೇ ಸಾಕಾಗಿದ್ದಿತು. ಅವರು ಕೈಗೊಂಡ ಕಾರ್ಯವಾದರೋ, ಮಠಗಳಲ್ಲಿಯೂ ಮನೆಗಳಲ್ಲಿಯೂ ಧೂಳು ಹಿಡಿದಿದ್ದ ವಚನಗಳ ತಾಳೆಗರಿಯ ಕಟ್ಟುಗಳನ್ನು ಹುಡುಕುವುದು, ಅವುಗಳ ಒಡೆಯರ ಮನವೊಲಿಸುವುದು, ಪದಗಳ ನಡುವೆ ತೆರಪಿಲ್ಲದೆ ಒತ್ತೊತ್ತಾಗಿ ಕೊರೆದ ಅಕ್ಷರಗಳನ್ನು ಬಿಡಿಸಿ ಓದುವುದು, ಪ್ರತಿಯಿಂದ ಪ್ರತಿಗೆ ಬದಲಾಗುವ ಪಾಠಗಳನ್ನು ಹೋಲಿಸುವುದು, ಅಂಕಿತವನ್ನು ಹಿಡಿದು ವಚನವು ಯಾರದೆಂದು ನಿರ್ಣಯಿಸುವುದು. ಈ ಕೆಲಸದಲ್ಲಿ ಇಂದಿನ ದಿನವು ನಿನ್ನೆಯ ದಿನದಂತೆಯೇ ಇರುತ್ತದೆ. ನೋಡಿ ಮೆಚ್ಚುವವರು ಹತ್ತಿರದಲ್ಲಿರುವುದಿಲ್ಲ. 50ರಷ್ಟು ವಚನಕಾರರ ಹೆಸರನ್ನು ಮಾತ್ರ ಬಲ್ಲ ನಾಡಿಗೆ 250ಕ್ಕೂ ಹೆಚ್ಚು ಮಂದಿಯ ಪರಿಚಯವಾದುದು ಇಂತಹ ದಿನಗಳಿಂದ.

ಹೀಗೆ ಸಂಗ್ರಹಿಸಿದ ವಚನಗಳ ಸಂಕಲನವಾದ ‘ವಚನಶಾಸ್ತ್ರ ಸಾರ’ದ ಮೊದಲನೆಯ ಭಾಗವು 1923ರಲ್ಲಿ ಬೆಳಕು ಕಂಡಿತು. ಅನ್ಯರ ಮುದ್ರಣಾಲಯವನ್ನು ನಂಬಿ ಈ ಕಾರ್ಯವನ್ನು ಮುಂದುವರಿಸುವುದು ದುಸ್ತರವೆಂದು ಕಂಡಾಗ ಅವರು ತಮ್ಮ ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯೂ ಅವರಿಗೆ ಲಭಿಸಿತು. ಯಶಸ್ಸೆಂದು ನಾವು ಕರೆಯುವುದು ಅದನ್ನೇ ಆಗಿದ್ದರೆ ಅವರು ಅಲ್ಲಿಗೆ ವಿರಮಿಸಬಹುದಾಗಿತ್ತು. ವಿರಮಿಸಲಿಲ್ಲ, ಹಣದ ಮುಗ್ಗಟ್ಟಿನ ನಡುವೆಯೇ ಸಂಶೋಧನೆಯೂ ಮುದ್ರಣವೂ ದಶಕಗಳ ಕಾಲ ನಡೆದುವು. ಗೆಲ್ಲಬೇಕೆಂಬ ಹಂಬಲವು ಮನುಷ್ಯನನ್ನು ಕೆಲವು ವರ್ಷ ದುಡಿಸೀತು, ಆದರೆ ಗೌರವವು ದೊರೆತ ಮೇಲೆಯೂ ಅದೇ ಗರಿಗಳ ಮುಂದೆ ಅವನನ್ನು ಕೂರಿಸಲಾರದು. ಹಳಕಟ್ಟಿಯವರನ್ನು ಅಲ್ಲಿ ಕೂರಿಸಿದುದು ಆ ವಚನಗಳು ಅಳಿಯಬಾರದೆಂಬ ಕಳವಳವೆಂದೇ ನಾನು ನಂಬುತ್ತೇನೆ. ಛಲವೆಂದು ನಾವು ಕೊಂಡಾಡುವ ಗುಣಕ್ಕೆ ಇಂತಹ ಮಮತೆಯ ಆಧಾರವಿಲ್ಲದಿದ್ದರೆ ಅದು ಬಹುಕಾಲ ಬಾಳುವುದಿಲ್ಲ.

ಆದುದರಿಂದ ಉಪಾಧ್ಯಾಯರಲ್ಲಿಯೂ ಪತ್ರಿಕೆಗಳ ಸಂಪಾದಕರಲ್ಲಿಯೂ ನನ್ನದೊಂದು ಬಿನ್ನಹ: ಇನ್ನು ಮುಂದೆ ಸಾಧಕರೊಬ್ಬರನ್ನು ಮಕ್ಕಳ ಮುಂದೆ ಕರೆತಂದಾಗ, ಯಶಸ್ಸಿನ ಗುಟ್ಟೇನೆಂದು ಅವರನ್ನು ಕೇಳಬೇಡಿರಿ, ಯಾರೂ ಗಮನಿಸದ ವರ್ಷಗಳಲ್ಲಿ ಅವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದರೆಂದು ಕೇಳಿರಿ, ಅವರು ಕೊಡುವ ಉತ್ತರವನ್ನು ಮೊಟಕುಗೊಳಿಸದೆ ಅಚ್ಚುಮಾಡಿರಿ.