ಅಘನಾಶಿನಿಯ ಅಳಿವೆಯಲ್ಲಿ

ಮಕ್ಕಳ ರಜೆಯು ಸಮೀಪಿಸಿತೆಂದರೆ, ಗದ್ದಲವಿಲ್ಲದ ಕಡಲತಡಿಯ ಹಳ್ಳಿಯೊಂದನ್ನು ಸೂಚಿಸಬೇಕೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳುವುದುಂಟು. ಈ ಸಲ ಉತ್ತರ ಕೊಡುವುದಕ್ಕೆ ನಮಗೆ ಸ್ವಾನುಭವವೇ ಒದಗಿದೆ. ಅದಕ್ಕೆ ಕಾರಣರಾದವರು ನಮ್ಮ ಮನೆಯ ಹಿರಿಯರಾದ ಅತ್ತೆಯವರು.

ಅವರು ಹುಟ್ಟಿದ್ದು ಶಿರಸಿಯ ಸೀಮೆಯಲ್ಲಿ, ಅಘನಾಶಿನಿ ಹೊಳೆಗೆ ಹತ್ತಿದ ಅಡಿಕೆತೋಟದ ಮನೆಯೊಂದರಲ್ಲಿ. ಎಂಬತ್ತು ತುಂಬಿದ ಮೇಲೆ, ತಾವು ಮಿಂದು ಆಡಿದ ನೀರು ಕಡಲನ್ನು ಸೇರುವ ಸ್ಥಳವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲ ಅವರಿಗೆ ಹತ್ತಿತು. ಶಿರಸಿಯ ಶಂಕರಹೊಂಡದಲ್ಲಿಯೂ ಮಂಜುಗುಣಿಯಲ್ಲಿಯೂ ಹುಟ್ಟಿದ ತೊರೆಗಳು ಕೂಡಿ ಹೊಳೆಯಾಗಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಅಣೆಕಟ್ಟಿನ ತಡೆಯಿಲ್ಲದೆ ಕುಮಟಾ ತಾಲೂಕಿನಲ್ಲಿ ಸಮುದ್ರವನ್ನು ಮುಟ್ಟುತ್ತವೆ. ಮುಟ್ಟುವೆಡೆಯ ಹಳ್ಳಿಗೂ ಹೊಳೆಯ ಹೆಸರೇ.

ಹೋಗುವ ದಾರಿ ಎರಡು ಬಗೆ. ಕೊಂಕಣ ರೈಲಿನಲ್ಲಿ ಕುಮಟೆಗೆ ಬಂದಿಳಿದು, ಅಲ್ಲಿಂದ ಬಾಡ, ಕಾಗಾಲಗಳ ಮೇಲೆ ಹಾಯ್ದು ನೆಲದ ಮಾರ್ಗವಾಗಿಯೇ ಸೇರಬಹುದು. ಗೋಕರ್ಣದ ಕಡೆಯಿಂದ ಬರುವವರು ತದಡಿಯ ಬಂದರದಲ್ಲಿ ದೋಣಿಯನ್ನೇರಿ ಅಳಿವೆಯನ್ನು ದಾಟಬಹುದು. ಘಟ್ಟದ ಮೇಲಿನವರು ದೇವಿಮನೆ ಘಟ್ಟವನ್ನಿಳಿಯುವ ಮೊದಲು, ಮಳೆಗಾಲದಲ್ಲಂತೂ, ರಸ್ತೆಯ ಸ್ಥಿತಿಯನ್ನು ವಿಚಾರಿಸಿಕೊಳ್ಳತಕ್ಕದ್ದು.

ನಾವು ದೋಣಿಯನ್ನೇ ಆರಿಸಿಕೊಂಡೆವು. ಎಲ್ಲ ಸಿದ್ಧತೆಯನ್ನೂ ಮಾಡಿದ್ದೆವು: ಬುತ್ತಿ, ಕೊಡೆ, ಅತ್ತೆಯವರ ಔಷಧಿ, ನೀರು ತುಂಬಿಕೊಳ್ಳಲು ಅವರು ಹಟಹಿಡಿದು ತಂದ ಒಂದು ತಾಮ್ರದ ಗಿಂಡಿ. ವಿಚಾರಿಸದೆ ಬಿಟ್ಟದ್ದು ಒಂದೇ, ಕಡಲಿನ ಉಬ್ಬರವಿಳಿತದ ಹೊತ್ತು! ನಾವು ಹೋದಾಗ ಇಳಿತ. ದೋಣಿಯು ಕಟ್ಟೆಯಿಂದ ಎಷ್ಟೋ ಕೆಳಗೆ ನಿಂತಿತ್ತು. ಮೆಟ್ಟಿಲುಗಳ ಮೇಲೆ ಪಾಚಿ ಹಸಿಯಾಗಿತ್ತು. ಅತ್ತೆಯವರ ಮೊಣಕಾಲು ಆ ಮೆಟ್ಟಿಲನ್ನು ಇಳಿಯುವಂಥದಲ್ಲ. ಎತ್ತಿ ಇಳಿಸುವೆವೆಂದು ಇಬ್ಬರು ತರುಣರು ಮುಂದೆ ಬಂದರು. ಅತ್ತೆಯವರು ತಲೆಯಲ್ಲಾಡಿಸಿ, "ಇಷ್ಟು ದೂರ ಬಂದದ್ದೇ ಸಾಕು, ಹಿಂದಿರುಗೋಣ" ಎಂದರು. ಅವರ ಮುಖವನ್ನು ನೋಡಲು ನಮಗೆ ಧೈರ್ಯವಾಗಲಿಲ್ಲ.

ಆಗ ಬಳಚಿನ ಬುಟ್ಟಿಯನ್ನಿಳುಹಿ ಕುಳಿತಿದ್ದ ಹೆಂಗಸೊಬ್ಬಳು, "ಯಾಕಮ್ಮಾ ಅವಸರ? ಮಧ್ಯಾಹ್ನ ತಿರುಗಿದ ಮೇಲೆ ನೀರೇ ದೋಣಿಯನ್ನು ಎತ್ತಿಕೊಡುತ್ತದೆ" ಎಂದಳು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಮರುದಿನಕ್ಕೆ ಅದೇ ಉಬ್ಬರವು ಸುಮಾರು 50 ನಿಮಿಷ ತಡವಾಗಿ ಬರುವುದೆಂದು ನಾವೂ ಶಾಲೆಯಲ್ಲಿ ಓದಿದ್ದೆವು. ಆದರೆ ಅವಳಿಗೆ ಅದೇ ಜೀವನೋಪಾಯ. ನೀರಿಳಿದಾಗ ಹೊಳೆಯ ಕೆಸರಿನಲ್ಲಿ ಚಿಪ್ಪನ್ನು ತಡಕಿ ತೆಗೆಯಬೇಕು, ನೀರೇರಿದಾಗ ದಡಕ್ಕೆ ಬರಬೇಕು. ಈ ಅಳಿವೆಯ ಆರೋಗ್ಯದ ಮೇಲೆ ಎಷ್ಟು ಒಲೆಗಳು ಉರಿಯುತ್ತಿವೆಯೆಂಬುದು ನಮಗೆ ಆ ಬುಟ್ಟಿಯನ್ನು ಕಂಡಾಗಲೇ ಮನಸ್ಸಿಗೆ ತಟ್ಟಿತು. 4801 ಹೆಕ್ಟೇರಿನ ಈ ಪ್ರದೇಶವನ್ನು 2024ರಲ್ಲಿ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿಸಿದ್ದಾರೆ.

ಕಾದೆವು. ಬುತ್ತಿ ಬಿಚ್ಚಿ ಉಂಡೆವು. ಮೆಟ್ಟಿಲುಗಳು ಒಂದೊಂದಾಗಿ ನೀರಿನಲ್ಲಿ ಮುಳುಗಿ, ಮೂರನೆಯ ಗಂಟೆಯ ಹೊತ್ತಿಗೆ ದೋಣಿಯ ಅಂಚು ಕಟ್ಟೆಯ ಸಮಕ್ಕೆ ಬಂದಿತು. ಅತ್ತೆಯವರು ಮನೆಯ ಹೊಸ್ತಿಲನ್ನು ದಾಟುವಂತೆ ದೋಣಿಯೊಳಗೆ ಕಾಲಿಟ್ಟರು.

ನಡುಹೊಳೆಯಲ್ಲಿ ಅವರು ಬೊಗಸೆಯಲ್ಲಿ ನೀರೆತ್ತಿ ಬಾಯಿಗಿಟ್ಟುಕೊಂಡರು, ಕೂಡಲೇ ಉಗುಳಿದರು. "ಉಪ್ಪು! ಇದು ನಮ್ಮ ಹೊಳೆಯಲ್ಲ" ಎಂದರು. ಉಬ್ಬರದಲ್ಲಿ ಕಡಲು ಬಹುದೂರ ಒಳನುಗ್ಗುವುದೆಂದು ಅಂಬಿಗನು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಗಿಂಡಿಯು ಖಾಲಿಯಾಗಿಯೇ ಉಳಿಯಿತು.

ಹಳ್ಳಿಯಲ್ಲಿ ನೋಡತಕ್ಕದ್ದೇನೆಂದು ಕೇಳಿದರೆ ನಾವು ದೊಡ್ಡ ಪಟ್ಟಿಯನ್ನು ಕೊಡಲಾರೆವು. ತೆಂಗಿನ ತೋಪು, ಬಲೆ ಹೊಲಿಯುವವರು, ಎದುರಿಗೆ ತದಡಿಯ ದೋಣಿಗಳು, ಇಷ್ಟೇ. ಬೇಸಗೆಯಲ್ಲಿ ಬಂದವರು ಆಚೆ ದಡದ ಸಾಣಿಕಟ್ಟೆಯ ಉಪ್ಪಿನಾಗರಗಳನ್ನೂ ಕಾಣಬಹುದು. ಮನರಂಜನೆಯನ್ನು ಬಯಸುವವರು ಗೋಕರ್ಣದಲ್ಲಿಯೇ ನಿಲ್ಲುವುದು ಲೇಸು, ಹಳ್ಳಿಗೂ ಅದೇ ಲೇಸು.

ಅತ್ತೆಯವರ ಮನಸ್ಸು ತಿಳಿಯಾದದ್ದು ಒಂದು ಮನೆಯ ಜಗುಲಿಯಲ್ಲಿ. ಅಲ್ಲಿ ಕಗ್ಗ ಅಕ್ಕಿಯನ್ನು ಗೆರಸಿಯಲ್ಲಿ ಕೇರುತ್ತಿದ್ದರು. ಹೊಳೆಯ ಸಿಹಿನೀರೂ ಕಡಲ ಉಪ್ಪುನೀರೂ ಬೆರೆಯುವ ಗಜನಿ ಭೂಮಿಯಲ್ಲಿ ಬೆಳೆಯುವ ಭತ್ತವಿದು; ನೆರೆಗೂ ಉಪ್ಪಿಗೂ ತಾಳುತ್ತದೆ. ಮಳೆಗಾಲದಲ್ಲಿ ಮೇಲಿನಿಂದ ಸಿಹಿನೀರು ಇಳಿದುಬಂದು ಉಪ್ಪನ್ನು ತೊಳೆಯದಿದ್ದರೆ ಈ ಪೈರೂ ಇಲ್ಲವೆಂದು ಮನೆಯೊಡತಿ ವಿವರಿಸಿದಳು. ಅತ್ತೆಯವರು ಕಾಳುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿ, "ಹಾಗಾದರೆ ನಮ್ಮ ನೀರು ಇಲ್ಲಿಯವರೆಗೆ ಬರುತ್ತದೆ" ಎಂದರು. ಎರಡು ಸೇರು ಕೊಂಡೆವು. ಗಿಂಡಿಯಲ್ಲಿಯೂ ಅಕ್ಕಿಯನ್ನೇ ತುಂಬಿಸಿದರು.

ಕೆಂಪು ಛಾಯೆಯ ಈ ಅಕ್ಕಿಯನ್ನು ಮೊದಲ ದಿನ ನಾವು ಎಂದಿನ ಅಳತೆಯ ನೀರಿನಲ್ಲಿಯೇ ಬೇಯಿಸಿ ಕೆಡಿಸಿದೆವು. ಕೊಂಡುತರುವ ಸೋದರಿಯರು ರಾತ್ರಿಯೇ ನೆನೆಯಿಟ್ಟು, ನೀರನ್ನು ಧಾರಾಳವಾಗಿ ಹಾಕಬೇಕೆಂದು ಈ ಅಂಕಣದಲ್ಲಿ ತಪ್ಪದೆ ಬರೆಯುವಂತೆ ಅತ್ತೆಯವರ ಅಪ್ಪಣೆಯಾಗಿದೆ.