ಯಾವಾಗ್ಲಾದ್ರೂ ಒಂದು

ನಮ್ಮ ಮನೆಗಳಲ್ಲಿ ಎದೆನೋವು ಎಂಬ ಕಾಯಿಲೆಯೇ ಇಲ್ಲ. ಇರುವುದೆಲ್ಲ ಗ್ಯಾಸು. ಎದೆಯ ನಡುವೆ ಹಿಡಿದುಕೊಂಡರೆ ಗ್ಯಾಸು, ಎಡಗೈ ಸೆಳೆದರೆ ಗ್ಯಾಸು, ಬೆನ್ನಿಗೆ ಬಂದರೆ ವಾಯು. ಔಷಧಿಯೂ ಮನೆಯಲ್ಲೇ ಸಿದ್ಧ: ಓಮದ ಕಾಳು, ಜೀರಿಗೆ ಕಷಾಯ, ಮಜ್ಜಿಗೆಗೆ ಚಿಟಿಕೆ ಇಂಗು, ಅಂಗಡಿಯ ಸೋಡಾ. ಇದಾವುದಕ್ಕೂ ನೋವು ಬಗ್ಗದಿದ್ದರೆ "ನಾಳೆ ಬೆಳಿಗ್ಗೆ ನೋಡೋಣ" ಎನ್ನುತ್ತೇವೆ. ಆ ನಾಳೆ ಬೆಳಿಗ್ಗೆಯನ್ನು ನೋಡದೇ ಹೋದವರು ನಿಮ್ಮ ಬೀದಿಯಲ್ಲೂ ಒಬ್ಬರಾದರೂ ಇದ್ದಾರು, ನೆನಪು ಮಾಡಿಕೊಳ್ಳಿ.

ನಮ್ಮವರು ಹಾಗೆ ಹೋಗಲಿಲ್ಲ. ಆದರೆ ಹೋಗಲಿಕ್ಕೆ ಬೇಕಾದ ಸಿದ್ಧತೆಯನ್ನೆಲ್ಲ ನಾವು ಮನೆಮಂದಿ ಸೇರಿ ಮಾಡಿದ್ದೆವು. ಅದರಲ್ಲಿ ನನ್ನ ಪಾಲೂ ಇತ್ತು. ಅದನ್ನು ಒಪ್ಪಿಕೊಳ್ಳಲೆಂದೇ ಈ ಬರಹ.

2017ರ ಆಗಸ್ಟ್ ತಿಂಗಳು. ತೀರ್ಥಹಳ್ಳಿಯಲ್ಲಿ ಮಳೆ ಬಿಡದೆ ಸುರಿಯುತ್ತಿತ್ತು. ಹಿಂದಿನ ದಿನ ಬೀಗರ ಮನೆಯಲ್ಲಿ ಊಟ, ಹೋಳಿಗೆ, ಕಾಯಿಹಾಲು. ಬೆಳಗಿನ ಐದೂವರೆಗೆ ಇವರು ಎದ್ದು ಕೂತು ಎದೆ ನೀವಿಕೊಳ್ಳುತ್ತಿದ್ದರು. "ಏನು?" ಎಂದೆ. "ನಿನ್ನೆಯ ಹೋಳಿಗೆ, ಮತ್ತೇನು" ಎಂದರು. ಕಷಾಯ ಕೊಟ್ಟೆ. ಅತ್ತೆ ಓಮದ ಕಾಳು ಕೊಟ್ಟರು. ಇವರು ಹಿತ್ತಿಲಿಗೆ ಹೋಗಿ ಒಂದು ಸಿಗರೇಟು ಸೇದಿ ಬಂದರು, "ಸೇದಿದರೆ ತೇಗು ಬರುತ್ತದೆ, ಹಗುರಾಗುತ್ತದೆ" ಎನ್ನುವ ನಂಬಿಕೆಯ ಮೇಲೆ. ಮಳೆಗಾಲದ ಆ ಚಳಿಯಲ್ಲಿ ಇವರ ಬನಿಯನ್ನು ಬೆವರಿನಿಂದ ಒದ್ದೆಯಾಗಿತ್ತು. ನಾನು ನೋಡಿದೆ. ನೋಡಿಯೂ ದೋಸೆಗೆ ಕಾವಲಿ ಇಟ್ಟೆ.

ಒಂಬತ್ತು ಗಂಟೆಗೆ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಅತ್ತೆಯೂ ಜೊತೆಗೆ ಬಂದರು. ಬೆಂಚಿನ ಮೇಲೆ ಇವರ ಆಫೀಸಿನವರೊಬ್ಬರು ಕೂತಿದ್ದರು, ನಮ್ಮ ಪುರೋಹಿತರೂ ಇದ್ದರು. ಡಾಕ್ಟರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು: "ಸಿಗರೇಟು ಗಿಗರೇಟು ಸೇದ್ತೀರಾ?"

ಇವರು ಒಮ್ಮೆ ತಾಯಿಯ ಕಡೆ ನೋಡಿ ಹೇಳಿದರು: "ಯಾವಾಗ್ಲಾದ್ರೂ ಒಂದು, ಡಾಕ್ಟ್ರೇ."

ಲೆಕ್ಕ ಹೇಳುತ್ತೇನೆ, ಕೇಳಿ. ಇವರು ಸೇದಲು ಶುರು ಮಾಡಿದ್ದು ಇಪ್ಪತ್ತನೇ ವಯಸ್ಸಿಗೆ. ಅಂದು ಇವರಿಗೆ 54. ದಿನಕ್ಕೆ ಹತ್ತು ಎಂದರೂ 34 ವರ್ಷಕ್ಕೆ ಒಂದು ಲಕ್ಷ 24 ಸಾವಿರ ಸಿಗರೇಟು. ಡಾಕ್ಟರುಗಳಿಗೆ ಇದನ್ನು ಅಳೆಯಲು ಒಂದು ಮಾಪನವೇ ಇದೆ, ಪ್ಯಾಕ್-ಇಯರ್ ಎನ್ನುತ್ತಾರೆ. ದಿನಕ್ಕೆ 20ರಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ಆ ಲೆಕ್ಕದಲ್ಲಿ ಇವರದ್ದು 17. ಡಾಕ್ಟರ ಚೀಟಿಯ ಮೇಲೆ ಬರೆಯಬೇಕಾಗಿದ್ದ ಆ 17ರ ಜಾಗದಲ್ಲಿ "ಯಾವಾಗ್ಲಾದ್ರೂ ಒಂದು" ಬಂತು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಅಸಿಡಿಟಿಗೆ ಒಂದು ಇಂಜೆಕ್ಷನ್ ಕೊಟ್ಟರು, ಮನೆಗೆ ಕಳಿಸಿದರು.

ನಾನು ಅಲ್ಲೇ ಇದ್ದೆ. ಇವರ ಹಿಂದೆ, ಒದ್ದೆ ಕೊಡೆ ಹಿಡಿದುಕೊಂಡು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಯಾಕೆ? ಗಂಡನ ಮಾತನ್ನು ನಾಲ್ಕು ಜನರ ಎದುರು ಸುಳ್ಳು ಮಾಡಬಾರದು. ಅತ್ತೆಯ ಎದುರು ಆ ವಿಷಯ ಎತ್ತಬಾರದು. ಪುರೋಹಿತರ ಕಿವಿಗೆ ಬೀಳಬಾರದು. ಇಂಥ ಹತ್ತು "ಬಾರದು"ಗಳನ್ನು ಕಲಿಸಿ ನಮ್ಮನ್ನು ಮದುವೆ ಮಾಡಿ ಕಳಿಸಿರುತ್ತಾರೆ. ಗಂಡನ ಜೀವ ಹೋಗುವಂತಿದ್ದರೆ ಇವನ್ನೆಲ್ಲ ಮೀರಬಹುದು ಎಂದು ಮಾತ್ರ ಯಾರೂ ಹೇಳಿರುವುದಿಲ್ಲ.

ಅಂದು ಮಾತ್ರ ಸುಮ್ಮನಿದ್ದೆ ಎಂದುಕೊಳ್ಳಬೇಡಿ. 1990ರಲ್ಲಿ ಮದುವೆಯಾಗಿ ಬಂದಾಗಿನಿಂದಲೂ ನಾನು ಈ ಕೆಲಸದಲ್ಲಿ ನುರಿತವಳು. ಹಿರಿಯರ ಮನೆಗೆ ಹೊರಟಾಗ ಇವರ ಜೇಬಿಗೆ ನಾಲ್ಕು ಏಲಕ್ಕಿ ಹಾಕುತ್ತಿದ್ದವಳು ನಾನೇ. ಬಚ್ಚಲಲ್ಲಿ ಊದುಬತ್ತಿ ಹಚ್ಚುತ್ತಿದ್ದವಳು ನಾನೇ. ಶರಟಿಗೆ ಬಿದ್ದ ತೂತಿಗೆ ರಫು ಹಾಕಿ "ಇಸ್ತ್ರಿಯವನು ಸುಟ್ಟ" ಎಂದವಳೂ ನಾನೇ. ಅತ್ತೆಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲವೆಂದು ಅವರು ನಟಿಸಿದರು, ಅವರಿಗೆ ಗೊತ್ತಿಲ್ಲವೆಂದು ನಾವು ನಟಿಸಿದೆವು. ಇದನ್ನೇ ನಾವು ಮರ್ಯಾದಸ್ಥರ ಮನೆ ಎನ್ನುವುದು!

ಮನೆಗೆ ಬಂದು ಒಂದು ಗಂಟೆಯಲ್ಲಿ ಇವರಿಗೆ ವಾಂತಿಯಾಯಿತು, ಮುಖ ಬೂದಿಯಾಯಿತು. ಪಕ್ಕದ ಮನೆಯ ಹುಡುಗ ಯಾರನ್ನೂ ಕೇಳದೆ ಕಾರು ತಂದು ಸರ್ಕಾರಿ ಆಸ್ಪತ್ರೆಗೆ ಸಾಗಿಸಿದ. ಅಲ್ಲಿ ಇ.ಸಿ.ಜಿ. ತೆಗೆದ ಕೂಡಲೇ ಎಲ್ಲರ ನಡಿಗೆಯೇ ಬದಲಾಯಿತು. ಆಗ ಹನ್ನೊಂದೂವರೆ. ನೋವು ಶುರುವಾಗಿ ಆರು ಗಂಟೆ. ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಶಿವಮೊಗ್ಗ, ಅರವತ್ತು ಕಿಲೋಮೀಟರು. ಮುಚ್ಚಿಹೋಗಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಆದರೆ ಆ ಆರು ಗಂಟೆಗಳಲ್ಲಿ ಸತ್ತ ಹೃದಯದ ಸ್ನಾಯು ಮತ್ತೆ ಹುಟ್ಟಿ ಬರುವುದಿಲ್ಲ. ಇವತ್ತಿಗೂ ಇವರು ಒಂದು ಕೊಡ ನೀರು ಎತ್ತಿದರೆ ಏದುಸಿರು.

ಆಸ್ಪತ್ರೆಯಲ್ಲಿ ನೋಡಲು ಬಂದವರು ಎರಡು ತಂಡ. ಒಂದು ತಂಡ ಇವರಿಗೆ ಬೈಯಿತು: "ಸೇದಿದ್ದಕ್ಕೆ ಅನುಭವಿಸಿದಿರಿ." ಇನ್ನೊಂದು ನನಗೆ ಬೈಯಿತು: "ಹೆಂಡತಿಯಾದವಳು ಬಿಡಿಸಬಾರದಿತ್ತೇ?" ಬಚ್ಚಿಟ್ಟರೆ ಪತಿವ್ರತೆ, ಕಾಯಿಲೆ ಬಂದರೆ ಕೈಲಾಗದವಳು. ಮುಚ್ಚಿಡುವ ಕೆಲಸವನ್ನೂ ಹೆಂಗಸಿಗೇ ಕೊಟ್ಟು, ಬಿಡಿಸುವ ಕೆಲಸವನ್ನೂ ಹೆಂಗಸಿಗೇ ಕೊಡುವ ಈ ನ್ಯಾಯ ಎಲ್ಲಿಯದು? ಸೇದುವವರು ಅವರು. ಸೇದಿದ್ದೇನೆ ಎಂದು ಡಾಕ್ಟರಿಗೆ ಹೇಳಬೇಕಾದವರೂ ಮೊದಲಿಗೆ ಅವರೇ.

ಹಾಗೆಂದು ಸೇದುವವರನ್ನು ಬೈದು ಕೂರುವವರ ಸಾಲಿಗೂ ನಾನು ಸೇರುವುದಿಲ್ಲ. ಬೈಗುಳ ಔಷಧಿಯಲ್ಲ. ಬೈಗುಳಕ್ಕೆ ಹೆದರಿಯೇ ಇವರು ಅಂದು ಸುಳ್ಳು ಹೇಳಿದ್ದು. ಆಸ್ಪತ್ರೆಯಿಂದ ಬಂದ ನಾಲ್ಕನೇ ತಿಂಗಳಿಗೆ ಹಿತ್ತಿಲ ಬಾಳೆಬುಡದಲ್ಲಿ ಒಂದು ತುಂಡು ಸಿಗರೇಟು ಸಿಕ್ಕಿತು. ಕೂಗಾಡಿದೆ, ಅತ್ತೆ, ಊಟ ಬಿಟ್ಟೆ. ಫಲವೇನು? ತುಂಡು ಬಾಳೆಬುಡದಿಂದ ಬೇಲಿಯಾಚೆಗೆ ಹೋಯಿತು, ಅಷ್ಟೆ. ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ಆಪ್ತಸಲಹೆಗಾರರು ಇವರನ್ನು ಕೂರಿಸಿಕೊಂಡು "ಯಾಕೆ ಸೇದುತ್ತೀರಿ?" ಎಂದು ಕೇಳದೆ "ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಬೇಕು?" ಎಂದು ಕೇಳಿದರು. ಎದ್ದ ಐದು ನಿಮಿಷಕ್ಕೇ ಬೇಕೆಂದರೆ ಅದು ಚಟವಷ್ಟೇ ಅಲ್ಲ, ಮೆದುಳು ನಿಕೋಟಿನ್ನಿಗೆ ಒಗ್ಗಿಹೋಗಿರುವ ಅವಲಂಬನೆ, ಅದಕ್ಕೂ ಚಿಕಿತ್ಸೆ ಇದೆ ಎಂದು ವಿವರಿಸಿದರು. ಮುಂದೆ ಎರಡು ಸಲ ಜಾರಿದರು, ಮೂರನೇ ಸಲ ಬಿಟ್ಟರು. 2018ರ ದೀಪಾವಳಿಯಿಂದ ಈವರೆಗೆ ಒಂದೂ ಇಲ್ಲ.

ಸಿಗರೇಟು ಶ್ವಾಸಕೋಶಕ್ಕೆ ಮಾತ್ರ ಎಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಕೆಮ್ಮು ಇಲ್ಲದಿದ್ದರೆ ಏನೂ ಆಗಿಲ್ಲ ಎಂಬ ಧೈರ್ಯ. ಹೊಗೆ ರಕ್ತನಾಳದ ಒಳಪದರವನ್ನು ಹಾಳು ಮಾಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ನಿಕೋಟಿನ್ ನಾಡಿ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿಯುತ್ತದೆ. ಹೃದಯಕ್ಕೆ ಕೆಲಸ ಹೆಚ್ಚು, ಕೂಲಿ ಕಡಿಮೆ. "ಬೀಡಿ ಎಲೆಯದ್ದು, ಅಷ್ಟೇನೂ ಕೆಟ್ಟದ್ದಲ್ಲ" ಎನ್ನುವವರಿಗೂ ಇದೇ ಉತ್ತರ. "ಇಷ್ಟು ವರ್ಷ ಸೇದಿ ಆಯಿತು, ಈಗ ಬಿಟ್ಟು ಏನು?" ಎನ್ನುವವರಿಗೆ ಬೇರೆ ಉತ್ತರವಿದೆ: ಬಿಟ್ಟ ಒಂದು ವರ್ಷಕ್ಕೆ, ಸೇದುವುದರಿಂದ ಹೃದ್ರೋಗಕ್ಕೆ ಕೂಡಿಕೊಂಡ ಹೆಚ್ಚಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಐವತ್ತೈದಕ್ಕೆ ಬಿಟ್ಟರೂ ಲಾಭವೇ.

ಎದೆಯಲ್ಲಿ ಭಾರ ಇಟ್ಟಂತೆ, ಹಿಂಡಿದಂತೆ ನೋವು. ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು. ತಣ್ಣನೆಯ ಬೆವರು, ವಾಂತಿ, ಉಸಿರು ಕಟ್ಟುವುದು. ಹೀಗಾದಾಗ ಓಮದ ಡಬ್ಬಿಗೆ ಕೈ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ರೋಗಿಯೇ ಸ್ಕೂಟರು ಓಡಿಸಿಕೊಂಡು ಹೋಗುವುದು ಬೇಡ. ಅಲ್ಲಿ ಹೋಗಿ ಎರಡು ಮಾತು ಹೇಳಿ. ಒಂದು, "ಇಷ್ಟು ವರ್ಷದಿಂದ, ದಿನಕ್ಕೆ ಇಷ್ಟು ಸೇದುತ್ತಾರೆ." ಎರಡು, "ಒಂದು ಇ.ಸಿ.ಜಿ. ಮಾಡಿ ಡಾಕ್ಟ್ರೇ." ಮೊದಲ ಇ.ಸಿ.ಜಿ. ಸರಿಯಿದ್ದೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ಮಾಡಬೇಕಾಗುತ್ತದೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯೂ ಬೇಕಾಗುತ್ತದೆ. ಕೇಳುವುದರಲ್ಲಿ ನಾಚಿಕೆಯೇನು? ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ ಇನ್ನೊಂದು ತೋರಿಸಿ ಎನ್ನುವ ನಮಗೆ, ಗಂಡನಿಗೆ ಒಂದು ಇ.ಸಿ.ಜಿ. ಮಾಡಿ ಎನ್ನಲು ನಾಲಿಗೆ ಏಳುವುದಿಲ್ಲ! ನೋವು ಗ್ಯಾಸೇ ಆಗಿದ್ದರೆ ನಷ್ಟವಾಗುವುದು ಒಂದು ಬೆಳಗಿನ ಹೊತ್ತು. ಅಲ್ಲವಾಗಿದ್ದರೆ?

ಮತ್ತೆ, ನಮ್ಮ ಎದೆಯೂ ಎದೆಯೇ ತಾನೆ? ಗಂಡನ ನೋವಿಗೆ ಕಷಾಯವಾದರೂ ಸಿಗುತ್ತದೆ, ನಮ್ಮ ನೋವಿಗೆ ಅದೂ ಇಲ್ಲ. ಹೆಂಗಸರಲ್ಲಿ ಕೆಲವೊಮ್ಮೆ ಎದೆನೋವು ಅಷ್ಟಾಗಿ ಕಾಣದೆ ಬರೀ ಸುಸ್ತು, ಏದುಸಿರು, ಹೊಟ್ಟೆ ತೊಳಸುವುದು, ಬೆನ್ನುನೋವು ಕಾಣಿಸಿಕೊಳ್ಳುತ್ತದೆ. ಅದಕ್ಕೆ ನಾವು "ಕೆಲಸ ಜಾಸ್ತಿಯಾಯಿತು" ಎಂದು ಹೆಸರಿಡುತ್ತೇವೆ. ಸೇದದವರಿಗೂ ಹೊಗೆಯ ಪಾಲು ತಪ್ಪಿದ್ದಲ್ಲ. ಗಂಡಂದಿರು ಸೇದುವ ಮನೆಗಳಲ್ಲಿ ಸೇದದ ಹೆಂಡತಿಯರಿಗೂ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಎಂದು ಜಪಾನಿನ ಹಿರಾಯಾಮಾ ಎಂಬ ವೈದ್ಯರು 1981ರಲ್ಲೇ ತೋರಿಸಿಕೊಟ್ಟರು. ಪರರ ಹೊಗೆ ಹೃದಯಕ್ಕೂ ಕೇಡು ಎಂಬುದು ಈಗ ಎಲ್ಲ ಡಾಕ್ಟರುಗಳಿಗೂ ಗೊತ್ತಿರುವ ಮಾತು. 2008ರ ಅಕ್ಟೋಬರ್ 2ರಿಂದ ನಮ್ಮ ದೇಶದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದು ನಿಷಿದ್ಧ. ಬಸ್‌ಸ್ಟ್ಯಾಂಡಿನಲ್ಲಿ ದಂಡ ಹಾಕುತ್ತಾರೆ. ಆದರೆ ಕಾನೂನು ನಮ್ಮ ಹೊಸ್ತಿಲಾಚೆಗೇ ನಿಂತುಬಿಡುತ್ತದೆ. ನಿಷೇಧ ಬಂದು ಎಂಟು ವರ್ಷ ಕಳೆದ ಮೇಲೆ, 2016-17ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲೂ ನೂರಕ್ಕೆ 38ಕ್ಕಿಂತ ಹೆಚ್ಚು ವಯಸ್ಕರು ತಮ್ಮ ಮನೆಯೊಳಗೇ ಪರರ ಹೊಗೆ ಕುಡಿಯುತ್ತಿದ್ದರು. ಬಸ್‌ಸ್ಟ್ಯಾಂಡಿನ ಅಪರಿಚಿತರಿಗೆ ಸಿಕ್ಕ ರಕ್ಷಣೆ ಹೆಂಡತಿ ಮಕ್ಕಳಿಗೆ ಸಿಕ್ಕಿಲ್ಲ.

ಸಿಗರೇಟು ಪ್ಯಾಕೆಟ್ಟಿನ ಮೇಲೆ ಹೆದರಿಸುವ ಚಿತ್ರದ ಜೊತೆಗೆ ಒಂದು ಫೋನ್ ನಂಬರು ಇರುತ್ತದೆ: 1800-11-2356. ಬಿಡಲು ಸಹಾಯ ಮಾಡುವವರದ್ದು, ದುಡ್ಡು ಬೀಳುವುದಿಲ್ಲ. ನಮ್ಮವರ ಪ್ಯಾಕೆಟ್ಟುಗಳನ್ನು ಬಚ್ಚಿಡುವುದರಲ್ಲೇ ಮುಳುಗಿದ್ದ ನಾನು ಅದರ ಮೇಲೆ ಏನಿದೆ ಎಂದು ಓದಿ ನೋಡಿದವಳಲ್ಲ. ನಿಮ್ಮ ಮನೆಯಲ್ಲಿ ಪ್ಯಾಕೆಟ್ಟಿದ್ದರೆ ಓದಿ, ಅವರ ಕೈಗೂ ಕೊಡಿ.

2022ರಲ್ಲಿ ನನಗೂ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟತೊಡಗಿತು. ಎರಡು ತಿಂಗಳು, ಎಲ್ಲ ಹೆಂಗಸರಂತೆ, ವಯಸ್ಸಾಯಿತು ಎಂದುಕೊಂಡೆ. ಇವರೇ ಹಠ ಹಿಡಿದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಬಿ.ಪಿ., ಸಕ್ಕರೆ ಎಲ್ಲ ಕೇಳಿ, ಎಲ್ಲರಿಗೂ ಕೇಳುವಂತೆ ನನಗೂ ಕೇಳಿದರು: "ನೀವು ಸ್ಮೋಕ್ ಮಾಡ್ತೀರಾ?"

ನನಗೆ ನಗು ಬಂತು. "ಇಲ್ಲಪ್ಪ" ಎಂದೆ.

ಪಕ್ಕದಲ್ಲಿದ್ದ ಇವರು ನಗಲಿಲ್ಲ. ಹೊರಗೆ ಜನ ಕೂತಿದ್ದರು, ಬಾಗಿಲು ತೆರೆದೇ ಇತ್ತು. ದನಿ ತಗ್ಗಿಸದೆ ಹೇಳಿದರು: "ಇವಳು ಸೇದಿಲ್ಲ, ಮೇಡಂ. ನಾನು ಸೇದಿದ್ದು. ದಿನಕ್ಕೆ ಹತ್ತು. ಇಪ್ಪತ್ತೆಂಟು ವರ್ಷ ಇವಳ ಪಕ್ಕದಲ್ಲೇ ಕೂತು ಸೇದಿದ್ದೇನೆ. ಅದನ್ನೂ ಬರೆದುಕೊಳ್ಳಿ."

ಡಾಕ್ಟರಮ್ಮ ಬರೆದುಕೊಂಡರು.