ಆನ್‌ಲೈನ್ ಜೂಜು ನಿಂತಿತು, ಇಎಂಐ ನಿಲ್ಲಲಿಲ್ಲ

2025ರ ಆಗಸ್ಟ್ ಮೂರನೇ ವಾರದಲ್ಲಿ ಸಂಸತ್ತು ಎರಡೇ ದಿನಕ್ಕೆ ಒಂದು ಕಾನೂನು ಮಾಡಿ ಮುಗಿಸಿತು. 20ನೇ ತಾರೀಕು ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷ. ಟೀಮ್ ಇಂಡಿಯಾ ಜೆರ್ಸಿ ಮೇಲಿದ್ದ ಡ್ರೀಮ್11 ಹೆಸರು ಕೆಲವೇ ದಿನಗಳಲ್ಲಿ ಕಾಣೆಯಾಯಿತು. ಆಡಿದವರನ್ನು ಅಪರಾಧಿಗಳು ಅಂತ ಕಾನೂನು ನೋಡುವುದಿಲ್ಲ, ಅವರು ಬಲಿಪಶುಗಳು ಅಂತ ಸರ್ಕಾರ ಹೇಳಿತು. ಅಷ್ಟರಮಟ್ಟಿಗೆ ಒಳ್ಳೆಯದೇ.

ಆದರೆ ಆ ಬಲಿಪಶುಗಳ ಸಾಲದ ಬಗ್ಗೆ ಕಾನೂನಿನಲ್ಲಿ ಒಂದು ಮಾತೂ ಇಲ್ಲ. ವರ್ಷಕ್ಕೆ ಸುಮಾರು 45 ಕೋಟಿ ಜನ ಈ ಆಟಗಳಲ್ಲಿ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಅನ್ನೋದು ಸರ್ಕಾರದ್ದೇ ಅಂದಾಜು. ಆ ದುಡ್ಡೆಲ್ಲ ಸಂಬಳದಿಂದ ಬಂದದ್ದಾ? ಒಂದಷ್ಟು ಸಂಬಳ, ಇನ್ನೊಂದಷ್ಟು ಲೋನ್ ಆ್ಯಪ್, ಕ್ರೆಡಿಟ್ ಕಾರ್ಡ್, ಅಮ್ಮನ ಬಳೆ, ಸಹೋದ್ಯೋಗಿಯ ಕೈಸಾಲ. ಆಟದ ಆ್ಯಪ್ ಅಳಿಸಿದ ದಿನ ಇವು ಯಾವುವೂ ಅಳಿಸಿಹೋಗಲ್ಲ. ಚಟ ಬಿಡಲು ಹೊರಟವನನ್ನು ಮತ್ತೆ ಆಟಕ್ಕೆ ಎಳೆಯುವುದರಲ್ಲಿ ಈ ಸಾಲದ ಪಾಲು ಬಹಳ ದೊಡ್ಡದು, ಅದನ್ನು ನಾವು ಚಟದಿಂದ ಬೇರೆ ಮಾಡಿ ನೋಡುತ್ತಿದ್ದೇವೆ ಅನ್ನೋದು ನನ್ನ ತಕರಾರು.

ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಚಿಕ್ಕಪ್ಪನ ಮಗ, 27 ವರ್ಷ. ಊರು ತಿಪಟೂರು ಕಡೆ, ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಕೈಗೆ ಬರುವ ಸಂಬಳ 26,000. ರಮ್ಮಿಯಿಂದ ಶುರುವಾಗಿ ಕ್ರಿಕೆಟ್ ಬೆಟ್ಟಿಂಗ್‌ವರೆಗೆ ಹೋಗಿದ್ದ. ಅವನ ಒಪ್ಪಿಗೆ ಪಡೆದೇ ಇಷ್ಟು ಬರೀತಾ ಇದ್ದೀನಿ. ಆಟ ಬಿಟ್ಟು ಎರಡು ವಾರ ಆದಮೇಲೆ ಅವನೂ ನಾನೂ ಕೂತು ಒಂದು ನೋಟ್‌ಬುಕ್ಕಲ್ಲಿ ಸಾಲ ಬರೆದೆವು. ಪರ್ಸನಲ್ ಲೋನ್ ಬಾಕಿ 1,60,000. ಕ್ರೆಡಿಟ್ ಕಾರ್ಡ್ 1,10,000. ಚಿಕ್ಕಮ್ಮನ ಒಡವೆ ಅಡ ಇಟ್ಟದ್ದು 1,20,000. ನಾಲ್ಕು ಲೋನ್ ಆ್ಯಪ್ ಸೇರಿ 70,000. ಕೆಲಸದ ಜಾಗದ ಸ್ನೇಹಿತರ ಹತ್ತಿರ 65,000. ಮೊದಲೇ ಎತ್ತಿಕೊಂಡಿದ್ದ ಚೀಟಿಯ ಉಳಿದ ಕಂತು 45,000. ಒಟ್ಟು 5,70,000.

ಮೊತ್ತಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ತಿಂಗಳ ಲೆಕ್ಕ. ಎಲ್ಲರೂ ಕೇಳುವುದನ್ನು ಕೂಡಿದರೆ ತಿಂಗಳಿಗೆ 31,000. ಸಂಬಳವನ್ನು ಪೂರ್ತಿ ಕೊಟ್ಟು, ರೂಮ್ ಬಾಡಿಗೆ ಕಟ್ಟದೆ, ಊಟ ಮಾಡದೆ ಇದ್ದರೂ 5,000 ಕಮ್ಮಿ. ಈ ಪರಿಸ್ಥಿತಿಯಲ್ಲಿರುವ ಒಬ್ಬ ಹುಡುಗನ ತಲೆಯಲ್ಲಿ ಏನು ಓಡುತ್ತೆ ಯೋಚಿಸಿ. ಓವರ್‌ಟೈಮ್ ಮಾಡಿದರೆ ತಿಂಗಳಿಗೆ ಮೂರು ನಾಲ್ಕು ಸಾವಿರ ಬರಬಹುದು. ಒಟ್ಟಿಗೆ 50,000 ಬರುವ ದಾರಿ ಅವನಿಗೆ ಗೊತ್ತಿರೋದು ಒಂದೇ. ಕಳೆದದ್ದನ್ನು ಗೆಲ್ಲಲು ಮತ್ತೆ ಆಡುವುದು ಜೂಜಿನ ಕಾಯಿಲೆಯ ಮುಖ್ಯ ಲಕ್ಷಣ ಅಂತ ಮನೋವೈದ್ಯರು ಹೇಳ್ತಾರೆ. ಅಮೆರಿಕದ ಮನೋವೈದ್ಯ ಸಂಘ 2013ರಲ್ಲೇ ಜೂಜನ್ನು ಮದ್ಯ, ಮಾದಕ ವಸ್ತುಗಳ ಸಾಲಿಗೆ, ಅಂದರೆ ಚಟದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದರೆ ಕುಡಿತ ಬಿಟ್ಟವನಿಗೆ ದಿನಾ ಬೆಳಿಗ್ಗೆ ಯಾರೂ ಫೋನ್ ಮಾಡಿ ‘ಕುಡಿ’ ಅನ್ನಲ್ಲ. ಜೂಜು ಬಿಟ್ಟವನಿಗೆ ರಿಕವರಿ ಏಜೆಂಟ್ ದಿನಾ ಬೆಳಿಗ್ಗೆ ಫೋನ್ ಮಾಡಿ ‘ಎಲ್ಲಿಂದಾದರೂ ತಾ’ ಅಂತಾನೆ. ಆ ‘ಎಲ್ಲಿಂದಾದರೂ’ ಅನ್ನೋ ಮಾತು ಇವನ ಕಿವಿಗೆ ಬೇರೆಯದೇ ಅರ್ಥದಲ್ಲಿ ಕೇಳಿಸುತ್ತೆ.

ಯಾವ ಸಾಲ ಮೊದಲು ತೀರಿಸಬೇಕು ಅನ್ನೋದರಲ್ಲೂ ಇದೇ ಕತೆ. ಲೆಕ್ಕದ ಪ್ರಕಾರ ಹೆಚ್ಚು ಬಡ್ಡಿಯದ್ದು ಮೊದಲು ಹೋಗಬೇಕು. ಅವನ ಕಾರ್ಡಿನ ಬಡ್ಡಿ ತಿಂಗಳಿಗೆ 3.5%, ಅಂದರೆ ವರ್ಷಕ್ಕೆ 42%. 1,10,000ಕ್ಕೆ ತಿಂಗಳ ಬಡ್ಡಿ 3,850, ಅದರ ಮೇಲೆ 18% ಜಿಎಸ್‌ಟಿ 693. ಕನಿಷ್ಠ ಮೊತ್ತ ಅಂತ 5,500 ಕಟ್ಟಿದರೆ ಅಸಲಿಗೆ ಹೋಗೋದು 957 ರೂಪಾಯಿ. ಆದರೆ ವಾಸ್ತವದಲ್ಲಿ ಯಾರು ಜೋರಾಗಿ ಕೂಗ್ತಾರೋ ಅವರಿಗೆ ಮೊದಲು ಹೋಗುತ್ತೆ. ಲೋನ್ ಆ್ಯಪ್‌ನವರು ಕಾಂಟ್ಯಾಕ್ಟ್ ಲಿಸ್ಟಲ್ಲಿರೋ ಎಲ್ಲರಿಗೂ ಫೋಟೋ ಕಳಿಸ್ತೀವಿ ಅಂತಾರೆ, ಅವರಿಗೆ ಮೊದಲು. ಚಿಕ್ಕಮ್ಮ ಕೂಗಲ್ಲ, ಹಾಗಾಗಿ ಒಡವೆ ಕೊನೆಗೆ. ಹರಾಜಿನ ನೋಟಿಸ್ ಬರೋವರೆಗೂ ಒಡವೆ ಅಡ ಇದೆ ಅನ್ನೋದೇ ಆಯಮ್ಮನಿಗೆ ಗೊತ್ತಿರಲಿಲ್ಲ.

ಕಾಂಟ್ಯಾಕ್ಟ್ ಲಿಸ್ಟ್ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲೇ ಹೇಳಿದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿ ಕರೆ ಮಾಡಬಾರದು ಅಂತಲೂ ಅದೇ ವರ್ಷ ಹೇಳಿದೆ. ನನ್ನ ತಮ್ಮನಿಗೆ ಮೊದಲ ಶಿಫ್ಟಿಗೆ ಹೊರಡುವ ಮುಂಚೆಯೇ, ಆರೂವರೆಗೆ, ಮೊದಲ ಕಾಲ್ ಬರ್ತಿತ್ತು. ಪರ್ಸನಲ್ ಲೋನ್ ಕೊಟ್ಟ ಸಂಸ್ಥೆಗೆ ಹೋಗಿ, ‘ಕಂತು ಕಮ್ಮಿ ಮಾಡಿ, ಅವಧಿ ಜಾಸ್ತಿ ಮಾಡಿಕೊಡಿ, ತಪ್ಪದೆ ಕಟ್ತಾನೆ’ ಅಂತ ಕೇಳಿದೆವು. ಕೌಂಟರಿನಲ್ಲಿದ್ದವರು ಕೊಟ್ಟ ಉತ್ತರ ಇದು: ‘ಈಗ ಏನೂ ಮಾಡಕ್ಕಾಗಲ್ಲ ಮೇಡಂ. ಮೂರು ತಿಂಗಳು ಬಾಕಿ ಬಿಟ್ಟರೆ ಆಮೇಲೆ ಸೆಟಲ್‌ಮೆಂಟ್ ಮಾತಾಡಬಹುದು.’ 90 ದಿನ ಕಟ್ಟದಿದ್ದರೆ ಸಾಲ ವಸೂಲಾಗದ ಪಟ್ಟಿಗೆ ಸೇರುತ್ತೆ, ಅಲ್ಲಿಂದ ಮುಂದೆ ಚೌಕಾಸಿ. ಅಂದರೆ ಕಟ್ಟುತ್ತೀನಿ ಅನ್ನುವವನಿಗೆ ದಾರಿ ಇಲ್ಲ, ಕಟ್ಟಲ್ಲ ಅನ್ನುವವನಿಗೆ ರಿಯಾಯಿತಿ ಇದೆ. ಆ ರಿಯಾಯಿತಿ ತಗೊಂಡರೂ ಸಾಲದ ದಾಖಲೆಯಲ್ಲಿ ‘ಸೆಟಲ್ಡ್’ ಅನ್ನೋ ಕಪ್ಪುಚುಕ್ಕೆ ವರ್ಷಾನುಗಟ್ಟಲೆ ಉಳಿಯುತ್ತೆ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ನನಗೆ ಗೊತ್ತು. ಜೂಜಾಡಿ ಹಾಳು ಮಾಡಿಕೊಂಡವನ ಸಾಲ ಮನ್ನಾ ಮಾಡಬೇಕಾ? ಖಂಡಿತಾ ಬೇಡ. ನಮ್ಮ ಮನೆಯಲ್ಲೇ ಅದು ನಡೆದಿತ್ತು. ಎರಡು ವರ್ಷದ ಹಿಂದೆ ಚಿಕ್ಕಪ್ಪ ಕೊಬ್ಬರಿ ಮಾರಿದ ದುಡ್ಡು, ಸೋದರಮಾವ ಕೊಟ್ಟದ್ದು ಎಲ್ಲ ಸೇರಿಸಿ 1,80,000 ಒಂದೇ ಏಟಿಗೆ ತೀರಿಸಿ, ದೇವಸ್ಥಾನದಲ್ಲಿ ಆಣೆ ಮಾಡಿಸಿದರು. ಮೂರು ತಿಂಗಳಿಗೆ ಮತ್ತೆ ಶುರು. ಮದುವೆ ಮಾಡಿದರೆ ಸರಿಹೋಗ್ತಾನೆ ಅಂತ ಹೆಣ್ಣು ನೋಡೋಕೂ ಹೊರಟಿದ್ದರು, ಪುಣ್ಯಕ್ಕೆ ಅದು ಆಗಲಿಲ್ಲ. ಮಹಾಭಾರತದಲ್ಲೂ ನಾವು ಮರೆಯುವ ಭಾಗ ಇದೇ. ಮೊದಲ ಆಟದಲ್ಲಿ ಧರ್ಮರಾಯ ಎಲ್ಲ ಸೋತಮೇಲೆ ಧೃತರಾಷ್ಟ್ರ ಪೂರ್ತಿ ವಾಪಸ್ ಕೊಟ್ಟು ಕಳಿಸಿದ್ದ. ದಾರಿಯಲ್ಲಿರುವಾಗಲೇ ಮತ್ತೊಂದು ಕರೆ ಬಂತು, ಧರ್ಮರಾಯ ತಿರುಗಿ ಬಂದು ಕೂತ. ಕಾಡಿಗೆ ಹೋಗಿದ್ದು ಎರಡನೇ ಆಟದಿಂದ. ಬೇರೆಯವರ ದುಡ್ಡಿನಿಂದ ಪಾರಾಗುವುದನ್ನೇ ನೆಚ್ಚಿಕೊಳ್ಳುವುದು ಕೂಡ ಈ ಕಾಯಿಲೆಯ ಲಕ್ಷಣ ಅಂತ ಮನೋವೈದ್ಯರ ಪಟ್ಟಿಯಲ್ಲೇ ಇದೆ.

ಹಾಗಾಗಿ ನಾನು ಕೇಳ್ತಿರೋದು ಮನ್ನಾ ಅಲ್ಲ, ಉಸಿರಾಡುವಷ್ಟು ಜಾಗ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳಿಂದ ಇಂಥದ್ದೊಂದು ಕಾನೂನು ಇದೆ. ಸಾಲ ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ಹೆಚ್ಚಿನ ಸಾಲಗಳ ಮೇಲೆ ಬಡ್ಡಿ, ದಂಡ ಹಾಕುವ ಹಾಗಿಲ್ಲ, ವಸೂಲಿಗೆ ಹೋಗುವ ಹಾಗಿಲ್ಲ. ಗಂಭೀರ ಮಾನಸಿಕ ಸಮಸ್ಯೆಗೆ ತುರ್ತು ಚಿಕಿತ್ಸೆಯಲ್ಲಿದ್ದರೆ ಚಿಕಿತ್ಸೆ ಮುಗಿಯುವವರೆಗೆ, ಅದರ ಮೇಲೆ ಇನ್ನೂ 30 ದಿನ. ಸಾಲ ಹಾಗೇ ಇರುತ್ತೆ, ಫೋನ್ ಮಾತ್ರ ಸುಮ್ಮನಾಗುತ್ತೆ. ಆ ಹೊತ್ತಿನಲ್ಲಿ ಕೂತು ಕಟ್ಟಲು ಸಾಧ್ಯವಿರುವ ಕಂತು ನಿಗದಿ ಮಾಡಿಕೊಳ್ಳಬಹುದು.

ನಮ್ಮಲ್ಲಿ ಕಾನೂನೇ ಇಲ್ಲ ಅಂತಲ್ಲ. 2016ರ ದಿವಾಳಿ ಸಂಹಿತೆಯ ಮೂರನೇ ಭಾಗ ಪೂರ್ತಿ ಇರುವುದೇ ವ್ಯಕ್ತಿಗಳ ಸಾಲದ ಬಗ್ಗೆ. 180 ದಿನ ವಸೂಲಿಗೆ ತಡೆ ಕೊಡುವ ‘ಹೊಸ ಆರಂಭ’ದ ವ್ಯವಸ್ಥೆಯೂ ಅದರಲ್ಲಿದೆ. ಕಂಪನಿಗಳ ಭಾಗ ಆ ವರ್ಷದ ಡಿಸೆಂಬರಿನಲ್ಲೇ ಜಾರಿಗೆ ಬಂತು. ಅದರಡಿ ಬ್ಯಾಂಕುಗಳಿಗೆ ವಾಪಸ್ ಬರೋದು ಕೇಳಿದ್ದರ ಹೆಚ್ಚುಕಡಿಮೆ ಮೂರನೇ ಒಂದು ಭಾಗ, ಉಳಿದದ್ದಕ್ಕೆ ‘ಹೇರ್‌ಕಟ್’ ಅಂತ ಮುದ್ದಾದ ಹೆಸರು. ವ್ಯಕ್ತಿಗಳ ಭಾಗ 2019ರಲ್ಲಿ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಯಿತು. ಪೀಣ್ಯದ ಹುಡುಗನಿಗೆ ಉಳಿದಿರೋದು 1920ರ ಪ್ರಾಂತೀಯ ದಿವಾಳಿ ಕಾಯ್ದೆ, ಬ್ರಿಟಿಷರ ಕಾಲದ್ದು. ಇನ್ನು ಆ ‘ಹೊಸ ಆರಂಭ’ ನಾಳೆಯೇ ಜಾರಿಯಾದರೂ ಅರ್ಹತೆ ಏನು ಗೊತ್ತಾ? ವರ್ಷದ ಆದಾಯ 60,000 ಮೀರಬಾರದು, ಸಾಲ 35,000 ಮೀರಬಾರದು. ಫೋನಿನಲ್ಲಿ ಹತ್ತು ನಿಮಿಷಕ್ಕೆ ಅದಕ್ಕಿಂತ ಹೆಚ್ಚು ಸಾಲ ಸಿಗುವ ಕಾಲ ಇದು.

ಜೂಜಿನ ಸಾಲ ಕಾನೂನುಬಾಹಿರ, ಕಟ್ಟಬೇಕಾಗಿಲ್ಲ ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತನ್ನೂ ನಂಬಬೇಡಿ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರು ಅನೂರ್ಜಿತ, ಬುಕ್ಕಿ ನಿಮ್ಮ ಮೇಲೆ ದಾವೆ ಹೂಡಿ ಗೆಲ್ಲಲಾರ. ಆದರೆ 1959ರಲ್ಲಿ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಜಿ ಅನೂರ್ಜಿತವೇ ಹೊರತು ಕಾನೂನುಬಾಹಿರ ಅಲ್ಲ ಅಂದಿದೆ. ಹೀಗಾಗಿ ಆಡಲಿಕ್ಕೆ ಬ್ಯಾಂಕಿನಿಂದಲೋ ಆ್ಯಪಿನಿಂದಲೋ ತಂದ ಸಾಲ ಸಾಲವೇ. ಕರ್ನಾಟಕ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಆಮೇಲೆ ಕಾಯ್ದೆ ಮಾಡಿದ ಕಿರುಸಾಲ ಕಿರುಕುಳ ತಡೆ ಕಾನೂನೂ ಇಲ್ಲಿ ಹೆಚ್ಚು ನೆರವಾಗಲ್ಲ. ಅದರ ಕೈ ನೋಂದಣಿ ಇಲ್ಲದ ಲೇವಾದೇವಿದಾರರ ತನಕ ಚಾಚುತ್ತೆ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳು ಅದರ ಹೊರಗೆ.

ಖರ್ಚಿನ ಪ್ರಶ್ನೆಗೆ ಬರೋಣ. ಕರ್ನಾಟಕ 2021ರಲ್ಲೇ ಆನ್‌ಲೈನ್ ಜೂಜು ನಿಷೇಧಿಸಿತ್ತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಅಲ್ಲಿಂದ ಕೇಂದ್ರದ ನಿಷೇಧದವರೆಗೆ ಮೂರೂವರೆ ವರ್ಷ. ಈ ನಡುವೆ, 2023ರ ಅಕ್ಟೋಬರ್ 1ರಿಂದ, ಆಟಗಾರ ಹಾಕುವ ಪೂರ್ತಿ ಮೊತ್ತದ ಮೇಲೆ 28% ಜಿಎಸ್‌ಟಿ. ಗೆದ್ದನೋ ಸೋತನೋ ತೆರಿಗೆಗೆ ಸಂಬಂಧವಿಲ್ಲ. ಕೇಂದ್ರ, ರಾಜ್ಯ ಎರಡೂ ಪಾಲು ತಗೊಂಡವು. ಬ್ರಿಟನ್ 2025ರ ಏಪ್ರಿಲಿನಿಂದ ಜೂಜಿನ ಕಂಪನಿಗಳ ಮೇಲೆ ಕಡ್ಡಾಯ ವಂತಿಗೆ ಹಾಕಿ, ಅದರ ಅರ್ಧವನ್ನು ಚಿಕಿತ್ಸೆಗೇ ಮೀಸಲಿಟ್ಟಿದೆ. ನಮ್ಮ 28%ರಲ್ಲಿ ಚಿಕಿತ್ಸೆಗೆ ಅಂತ ಎತ್ತಿಟ್ಟದ್ದು ಎಷ್ಟು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ತಂತ್ರಜ್ಞಾನ ಚಟಕ್ಕೆ ‘ಶಟ್’ ಕ್ಲಿನಿಕ್ ಇದೆ, ಒಳ್ಳೆಯ ಕೆಲಸ ಮಾಡ್ತಿದೆ. ಆದರೆ ತಿಪಟೂರಿನಿಂದ ವಾರಕ್ಕೊಮ್ಮೆ ಅಲ್ಲಿಗೆ ಬರುವವನಿಗೆ ಅರ್ಧ ದಿನದ ಸಂಬಳವಲ್ಲ, ಪೂರ್ತಿ ದಿನದ್ದು ಹೋಗುತ್ತೆ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಕೋಣೆ ಪಕ್ಕದಲ್ಲಿ ಸಾಲದ ಲೆಕ್ಕ ನೋಡಿ ಬ್ಯಾಂಕಿನ ಜೊತೆ ಮಾತಾಡಬಲ್ಲ ಒಬ್ಬರು ಕೂತರೆ ಆಗುವ ಖರ್ಚು ದೊಡ್ಡದೇನಲ್ಲ.

ನಿಷೇಧ ಪ್ರಶ್ನಿಸಿ ಎ23 ಕಂಪನಿ ಮೊದಲು ಬಂದದ್ದು ನಮ್ಮ ಹೈಕೋರ್ಟಿಗೇ, ಈಗ ಅಂಥ ಅರ್ಜಿಗಳನ್ನೆಲ್ಲ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿದೆ. ತೀರ್ಪು ಏನೇ ಬರಲಿ, ಈಗಾಗಲೇ ಆಗಿರುವ ಸಾಲ ಎರಡೂ ಕಡೆಯ ವಕೀಲರ ವಾದದೊಳಗೆ ಬರುವುದಿಲ್ಲ.

ಸದ್ಯಕ್ಕೆ ಕುಟುಂಬಗಳೇ ಈ ಕೆಲಸ ಮಾಡುತ್ತಿವೆ. ನಮ್ಮಲ್ಲಿ ಸಂಬಳ ಚಿಕ್ಕಮ್ಮನ ಖಾತೆಗೆ ಬರುತ್ತೆ, ಅವನ ಫೋನಿನಲ್ಲಿ ಯುಪಿಐ ಇಲ್ಲ, ದಿನಕ್ಕೆ 200 ರೂಪಾಯಿ ನಗದು. ಒಡವೆಯ ಬಡ್ಡಿ ಮೊದಲು ಕಟ್ಟಿ ಹರಾಜು ತಪ್ಪಿಸಿದ್ದೇವೆ. ಸ್ನೇಹಿತರಿಗೆ ಸರದಿ ಪ್ರಕಾರ ತಿಂಗಳಿಗೆ ಒಬ್ಬರಿಗೆ 2,000. ‘ಅಕ್ಕ, ಟೀ ಕುಡಿಯೋಕೂ ನಿಮ್ಮನ್ನ ಕೇಳ್ಬೇಕಾ?’ ಅಂತ ಒಂದು ದಿನ ರೇಗಿದ. ಅವನ ಸಿಟ್ಟು ನ್ಯಾಯವಾದದ್ದೇ. 27 ವರ್ಷದ ದುಡಿಯುವ ಗಂಡಸನ್ನು ಹೀಗೆ ಇಡುವುದು ಯಾರಿಗೂ ಚೆಂದ ಅಲ್ಲ. ಹೀಗೆ ನೋಡಿಕೊಳ್ಳುವ ಮನೆಯೇ ಇಲ್ಲದ ಪಿಜಿ ಹುಡುಗರು ಏನು ಮಾಡ್ತಾರೋ.

ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ: ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ತಲೆಯಲ್ಲಿ ಕೆಟ್ಟ ಯೋಚನೆ ಬಂದರೆ ಬೆಳಗಾಗುವುದನ್ನು ಕಾಯಬೇಡಿ, ಆಗಲೇ ಮಾಡಿ. ವಸೂಲಿಯವರು ಹೊತ್ತಲ್ಲದ ಹೊತ್ತಿಗೆ ಕರೆ ಮಾಡಿದರೆ, ಮನೆಯವರಿಗೆ ಬೆದರಿಕೆ ಹಾಕಿದರೆ ದಿನಾಂಕ, ಸಮಯ, ನಂಬರ್ ಬರೆದಿಟ್ಟುಕೊಂಡು ಮೊದಲು ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಉಚಿತ ಕಾನೂನು ನೆರವಿಗೆ 15100. ನನ್ನ ತಮ್ಮನ ಆರೂವರೆಯ ಕಾಲ್ ನಿಂತಿದ್ದು ಇಂಥ ಒಂದು ಲಿಖಿತ ದೂರಿನಿಂದಲೇ, ಐದನೇ ವಾರಕ್ಕೆ.